ದೇವೀರಮ್ಮನ ಕುಕ್ಕೆಯ ಓತಿಕ್ಯಾತ

ಬೆಕ್ಕು ಸಾಕುವವರುಂಟು, ಗಿಳಿ ಸಾಕುವವರುಂಟು. ಕೊಳ್ಳೇಗಾಲದ ನೇಕಾರರ ಬೀದಿಯ ದೇವೀರಮ್ಮ ಸಾಕಿದ್ದು ಓತಿಕ್ಯಾತ! ಬೀದಿಯವರು ನಗದೆ ಬಿಟ್ಟಾರೆಯೇ? ನಗಲಿ, ಅವರ ಗಂಟೇನು ಹೋಯಿತು. ಕಲ್ಲೇಟಿಗೆ ಕಾಲು ಮುರಿದುಕೊಂಡಿದ್ದ ಆ ಜೀವವನ್ನು ಕುಕ್ಕೆಯಲ್ಲಿಟ್ಟು ಉಳಿಸಿದವಳು ಅವಳ ಒಬ್ಬಳೇ ಮಗಳು ಭಾಗ್ಯ. ಅರವತ್ತೇಳನೇ ಇಸವಿಯಲ್ಲಿ ಮದುವೆಯಾಗಿ ರಾಮಾಪುರಕ್ಕೆ ಹೊರಟಾಗ, "ನಾ ಬರೋಗಂಟ ಇದನ್ನ ಸಾಯಿಸ್ಬ್ಯಾಡ ಕಣವ್ವ" ಎಂದು ಅತ್ತಿದ್ದಳು.

ಬಂದಿದ್ದು ಒಂದೇ ಸಲ, ಯುಗಾದಿಗೆ. ಕೂತ ಕಡೆಯೇ ಮೂರು ಮುದ್ದೆ ಉಂಡಳು. ತನ್ನ ಕೈರುಚಿಯೇ ಹಾಗೆಂದು ದೇವೀರಮ್ಮ ಬೀದಿಗೆಲ್ಲ ಹೇಳಿಕೊಂಡು ಬೀಗಿದಳು. ಆಮೇಲೆ ವರ್ಷ ಕಳೆದರೂ ಮಗಳಿಲ್ಲ, ಒಂದು ಕಾಗದವಿಲ್ಲ. ಗಂಡನೂ ಇಲ್ಲದ ಹೆಂಗಸು, ರಾಟೆಯಲ್ಲಿ ರೇಷ್ಮೆ ಸುತ್ತುತ್ತ ಬಾಗಿಲನ್ನೇ ನೋಡುತ್ತಿದ್ದಳು. ಓತಿಕ್ಯಾತ ಬದುಕಿರುವವರೆಗೂ ಮಗಳು ಬಂದೇ ಬರುತ್ತಾಳೆಂಬ ಹುಚ್ಚು ಅವಳಿಗೆ.

ಲೊಕ್ಕನಹಳ್ಳಿಯ ದೊಡ್ಡಸಿದ್ದಯ್ಯ ರೇಷ್ಮೆಗೂಡು ಮಾರಲು ಬಂದಾಗಲೆಲ್ಲ, ಗೂಡು ಕಟ್ಟದೆ ಉಳಿದ ನಾಲ್ಕು ಹುಳವನ್ನು ಓತಿಕ್ಯಾತಕ್ಕೆಂದು ತಂದುಕೊಡುತ್ತಿದ್ದ. ಒಂದು ಸಲ ಅವನು ತಿಂಗಳಾದರೂ ಬರಲಿಲ್ಲ. ಓತಿಕ್ಯಾತದ ಪಕ್ಕೆ ಒಳಸೇರಿತು. ದೇವೀರಮ್ಮ ಹಿತ್ತಲ ಎಕ್ಕದ ಗಿಡದಿಂದ ಪಟ್ಟೆಪಟ್ಟೆಯ ಹುಳಗಳನ್ನು ಆರಿಸಿ ತಂದು ಕುಕ್ಕೆಯ ಮುಚ್ಚಳ ತೆಗೆಯುವಷ್ಟರಲ್ಲಿ, ಅದೇ ಹೊತ್ತಿಗೆ ಬಂದ ದೊಡ್ಡಸಿದ್ದಯ್ಯ ಬಾಗಿಲಲ್ಲೇ ಕೂಗಿದ.

"ಅಯ್ಯಯ್ಯೋ, ಆಕ್ಬ್ಯಾಡ ಕಣವ್ವ! ಎಕ್ಕದ ಹಾಲು ಕುಡ್ದು ಬೆಳ್ದಿರೋ ಹುಳ ಅದು, ಮೈಯೆಲ್ಲ ನಂಜು!"

"ನೋಡಕ್ಕೆ ಇಷ್ಟು ಚೆಂದಾಗವಲ್ಲ ಸಿದ್ದಣ್ಣ?"

"ಚೆಂದ ಕಟ್ಕಂಡು ಏನ್ ಮಾಡೀಯೆ? ಏನ್ ತಿಂದು ಬೆಳ್ದದೆ ಅಂತ ನೋಡ್ಬೇಕು."

"ಬ್ಯಾಡದ್ದಾದ್ರೆ ಅದೇ ಉಗಿಯಕ್ಕಿಲ್ವಾ?"

"ಬೇಲೀಲಿದ್ದಿದ್ರೆ ಮುಟ್ತಾನೇ ಇರ್ನಿಲ್ಲ. ಕುಕ್ಕೇಲಿ ಕೂಡಾಕಿರೋ ಜೀವ ಕಣವ್ವ, ಹಸ್ಕಂಡು ಕೊಟ್ಟದ್ದ ತಿಂತದೆ."

ದೇವೀರಮ್ಮನ ಕೈಯಿಂದ ಹುಳಗಳು ಕೆಳಗೆ ಬಿದ್ದವು. ಭಾಗ್ಯಳದು ತನ್ನಣ್ಣ ಮಾದಸ್ವಾಮಿ ತಂದ ಸಂಬಂಧ. ಗಂಡು ಚೆಂದಾಗಿದ್ದಾನೆ ಎಂದು ಹೂಂ ಅಂದಿದ್ದಳು. ಆ ಮನೆಯ ಹೊಸಿಲು ತುಳಿದವಳಲ್ಲ, ಒಲೆ ಕಂಡವಳಲ್ಲ. ಮಗಳು ಮೂರು ಮುದ್ದೆ ಉಂಡದ್ದು ಕೈರುಚಿಗೋ, ಹಸಿವಿಗೋ? ಅಯ್ಯೋ, ನನ್ನ ಬುದ್ಧಿಗೆ ಬೆಂಕಿ ಬೀಳ ಎಂದು ಹಣೆ ಚಚ್ಚಿಕೊಂಡು ಅತ್ತಳು.

ಆಮೇಲೆ ಕುಕ್ಕೆಯನ್ನು ಎತ್ತಿಕೊಂಡು ಹೋಗಿ ಬೇಲಿಯ ಮೇಲೆ ಬಗ್ಗಿಸಿದಳು. ಓತಿಕ್ಯಾತ ಕುಂಟುತ್ತ ಎಲೆಗಳೊಳಗೆ ಹೋಯಿತು. ಒಳಗೆ ಬಂದವಳೇ ಒಲೆ ಹಚ್ಚಿ ಎಸರಿಟ್ಟಳು, ರಾಗಿಹಿಟ್ಟಿನ ಮಡಕೆಗೆ ಕೈ ಹಾಕಿದಳು.

"ಸಿದ್ದಣ್ಣ, ರಾಮಾಪುರದ ಬಸ್ಸು ಎಷ್ಟೊತ್ಗೆ? ಮುದ್ದೆ ಬಿಸಿ ಇರೋವಾಗ್ಲೇ ತಕ್ಕಂಡೋಯ್ತೀನಿ."