ಫೋಟೋಕ್ಕ ಹಾಕಿದ ಹಾರ

ಸಾರವಾಡದ ಮನಿಯಾಗ ಅವ್ವಗ ಮೊಬೈಲಿಗೆ ಬಂದ ವಿಡಿಯೊ ತೋರಿಸಿದೆ. ಭಾಷಣ ಮಾಡಿದ್ದಕ್ಕ ಜೇಲು ಸೇರಿದ ನಮ್ಮಣ್ಣನ್ನ ಬಿಡ್ರಿ ಅಂತ ಯಾವುದೋ ಪರದೇಶದಾಗ ಮಂದಿ ಬೀದಿಗೆ ನಿಂತಿದ್ರು. ನಮ್ಮ ಕಡೆ ಪದ್ಧತಿ ಅಂತ ತಿಳಿದಿದ್ರೋ ಏನೋ, ಅವನ ಫೋಟೋಕ್ಕ ಹೂವಿನ ಹಾರ ಹಾಕಿ ಮುಂದ ದೀಪ ಹಚ್ಚಿದ್ರು.

ನಮ್ಮಲ್ಲಿ ಸತ್ತವರ ಫೋಟೋಕ್ಕ ಹಂಗ ಹಾರ ಹಾಕ್ತಾರ. ಅವ್ವ ಎದಿ ಬಡಕೊಂಡು ಚೀರಿದಳು. ವಕೀಲರಿಗೆ ಫೋನ್ ಹಚ್ಚಿದೆ.

"ಆರಾಮ ಅದಾರ್ರಿ, ಮುಂಜಾನೆ ಭೆಟ್ಟಿ ಆಗಿ ಬಂದೇನಿ," ಅಂದ್ರು.

ಅಷ್ಟರಾಗ ಓಣಿ ಮಂದಿಯೆಲ್ಲಾ ಬಂದು ಅಂಗಳದಾಗ ಕೂತಿದ್ರು. ಅಣ್ಣ ಜೇಲಿಗೆ ಹೋದಾಗಿಂದ ಒಬ್ಬರೂ ನಮ್ಮ ಹೊಸ್ತಿಲ ತುಳಿದಿರಲಿಲ್ಲ.

"ಜೀವಂತ ಅದಾನ್ರಿ," ಅಂದೆ.

ಎಲ್ಲಾರೂ ಎದ್ದು ಚಪ್ಪಲಿ ಹುಡುಕಾಕತ್ತಿದ್ರು.