ಹದಿನೇಳನೇ ಹಾಡಿನಲ್ಲಿ ಹಾಡಿದ್ದು ಯಾರು?

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿರುವ ಬಟ್ಟೆ ಒಗೆಯುವ ವಿಭಾಗದಲ್ಲಿ ಆಗಲೇ ಹಬೆ ತುಂಬಿದೆ. ಒಣಗಿಸುವ ಯಂತ್ರದಿಂದ ತೆಗೆದ ಬಿಸಿಬಿಸಿ ಬೆಡ್‌ಶೀಟ್‌ಗಳು ಉದ್ದನೆಯ ಮೇಜಿನ ಮೇಲೆ ರಾಶಿ ಬಿದ್ದಿವೆ. ಮೇಜಿನ ಪಕ್ಕದ ಖಾಲಿ ಜಾಗದಲ್ಲಿ ಎದುರುಬದುರಾಗಿ ನಿಂತವರು, ಇಲ್ಲಿ ಎಲ್ಲರೂ ಶೀಟಕ್ಕ ಎಂದೇ ಕರೆಯುವ ಹಿರಿಯ ಕೆಲಸಗಾರ್ತಿ ಮತ್ತು ಅವರ ನಾದಿನಿ. ಒಂದು ಶೀಟಿನ ಎರಡೆರಡು ಮೂಲೆ ಹಿಡಿದು ಇಬ್ಬರೂ ಹಿಂದಕ್ಕೆ ಸರಿಯುತ್ತಾರೆ, ಒಮ್ಮೆ ಕೊಡವುತ್ತಾರೆ, ಮುಂದೆ ಬಂದು ಮೂಲೆಗೆ ಮೂಲೆ ಸೇರಿಸುತ್ತಾರೆ, ಮತ್ತೆ ಹಿಂದಕ್ಕೆ. ನಾಲ್ಕು ಮಡಿಕೆಗೆ ಹದಿನೈದು ಸೆಕೆಂಡು. ಗಡಿಯಾರ ಹಿಡಿದು ನೋಡಿಯೇ ಬರೆಯುತ್ತಿದ್ದೇನೆ.

ಇಬ್ಬರ ಒಂದೊಂದು ಕಿವಿಯಿಂದ ಒಂದೊಂದು ವೈರು ಹೊರಟು, ಬೆನ್ನ ಮೇಲಿಂದ ಇಳಿದು, ಪಕ್ಕದ ಕಂಬದ ಮೊಳೆಗೆ ನೇತುಹಾಕಿದ ನೀಲಿ ಡಬ್ಬಿಯೊಂದನ್ನು ಸೇರುತ್ತದೆ. ಬೆಂಕಿಪೊಟ್ಟಣದಷ್ಟಿರುವ ಈ ಡಬ್ಬಿಯೇ ಅವರ ಮ್ಯೂಸಿಕ್ ಪ್ಲೇಯರ್. ಒಂದು ಜೊತೆ ಹವಾಯಿ ಚಪ್ಪಲಿಯ ಬೆಲೆಗೆ ಒಂಬತ್ತು ವರ್ಷದ ಹಿಂದೆ ಕೊಂಡದ್ದು. ಪರದೆ ಗಿರದೆ ಏನೂ ಇಲ್ಲ. ಇದ್ದ ಮೂರು ಗುಂಡಿಗಳಲ್ಲಿ ಒಂದು ಉದುರಿ ಹೋಗಿದೆ. ಹಾಡು ಮುಂದಕ್ಕೆ ಹೋಗಬೇಕಾದರೆ ಶೀಟಕ್ಕ ತಲೆಯಿಂದ ಹೇರ್‌ಪಿನ್ ತೆಗೆದು ಆ ತೂತಿನೊಳಗೆ ಒತ್ತುತ್ತಾರೆ. ಅಂಗಡಿಯಿಂದ ತಂದಾಗ ಇದರ ವೈರು ಎರಡು ಗೇಣು ಉದ್ದವಿತ್ತಂತೆ. ಶೀಟೋ ಐದು ಮೊಳ. ಇಬ್ಬರೂ ಹಿಂದೆ ಸರಿದಾಗಲೆಲ್ಲ ಕಿವಿಯಿಂದ ಹಾಡು ಕಿತ್ತುಕೊಂಡು ಬರುತ್ತಿತ್ತು. ಕೊನೆಗೆ ಆಸ್ಪತ್ರೆಯ ವೈರ್‌ಮನ್‌ನನ್ನು ಕಾಡಿ ಬೇಡಿ ಇಬ್ಬರಿಗೂ ಮೂರು ಮೂರು ಮೊಳ ಜೋಡಿಸಿಕೊಂಡರು.

ನೋಡಲು ಎಷ್ಟು ಚೆಂದದ ಜೋಡಿ ಎಂದುಕೊಂಡೇ, ಪೇಪರಿಗೆ ಬರೆಯಲು ಬಂದ ನಾನು ಟಿಪ್ಪಣಿ ಪುಸ್ತಕ ತೆರೆದೆ. ಅಷ್ಟರಲ್ಲಿ ಮೇಲ್ವಿಚಾರಕರು ಪಕ್ಕಕ್ಕೆ ಕರೆದು ಕಿವಿಯಲ್ಲಿ ಹೇಳಿದ್ದು ಇಷ್ಟು: ಅತ್ತಿಗೆ ನಾದಿನಿ ಮಾತು ಬಿಟ್ಟು ಇಂದಿಗೆ ಹನ್ನೊಂದು ದಿನ. ನಾದಿನಿ ತನ್ನನ್ನು ಕೊಳೆಬಟ್ಟೆ ವಿಂಗಡಿಸುವ ಕೋಣೆಗೆ ಹಾಕಿ ಎಂದು ಅರ್ಜಿ ಬರೆದುಕೊಟ್ಟಿದ್ದಾರೆ. ಸೋಮವಾರದಿಂದ ಈ ಜೋಡಿ ಇರುವುದಿಲ್ಲ.

ಶೀಟಕ್ಕನಿಗೆ ಈಗ ಐವತ್ತೆರಡು. ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಮೊದಲ ಎಂಟು ವರ್ಷ ನೀರು ಹಿಂಡುವ ಯಂತ್ರದ ಮಗ್ಗುಲಲ್ಲೇ ನಿಂತಿದ್ದರು. ಆ ಯಂತ್ರ ತಿರುಗಲು ಶುರುವಾದರೆ ಪಕ್ಕದವರು ಕೂಗಿದರೂ ಬಾಯಿ ಆಡುವುದಷ್ಟೇ ಕಾಣುತ್ತಿತ್ತು. ಆಮೇಲೆ ಮಡಿಕೆಯ ಮೇಜಿಗೆ ಬಂದರು. ಅದೇ ವರ್ಷ ನಾದಿನಿ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ಬಂದರು. ಮೂಲೆಯಲ್ಲಿ ಕೂತು ಕೊರಗುತ್ತಿದ್ದವರನ್ನು ಶೀಟಕ್ಕ ಒಂದು ಬೆಳಿಗ್ಗೆ ಎಬ್ಬಿಸಿ, ತಲೆ ಬಾಚಿಸಿ, ಕರೆತಂದು ತಮ್ಮ ಎದುರಿಗೆ ನಿಲ್ಲಿಸಿ ಕೈಗೆ ಶೀಟಿನ ಎರಡು ಮೂಲೆ ಕೊಟ್ಟರು. ಹದಿನಾಲ್ಕು ವರ್ಷದಿಂದ ಆ ಮೂಲೆಗಳು ಅವರ ಕೈಯಲ್ಲೇ ಇವೆ.

ದಿನಕ್ಕೆ ಒಂಬೈನೂರು ಶೀಟು, ಆರುನೂರು ದಿಂಬಿನ ಕವರು. ಶೀಟಕ್ಕನ ಮಡಿಕೆಯ ಗೆರೆ ನಟ್ಟನಡುವೆಯೇ ಬೀಳುತ್ತದೆ. ಮೇಲಿನ ವಾರ್ಡಿನ ನರ್ಸುಗಳು ಒಮ್ಮೆ ಕೊಡವಿದರೆ ಸಾಕು, ಶೀಟು ಎರಡೂ ಕಡೆ ಸಮನಾಗಿ ಹಾಸಿಗೆ ತುಂಬುತ್ತದೆ. ಅಲ್ಲಿ ಮಲಗಿದ ರೋಗಿಗೆ ಇದರ ಹಿಂದೆ ಇಬ್ಬರು ಹೆಂಗಸರಿದ್ದಾರೆ ಎಂಬುದು ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ ಎನ್ನುತ್ತಾರೆ ಶೀಟಕ್ಕ. ಅವರ ಲೆಕ್ಕವೆಲ್ಲ ಹಾಡಿನಲ್ಲೇ.

"ಒಂದು ಹಾಡಿಗೆ ಹದಿನೆಂಟು ಶೀಟು. ದುಃಖದ ಹಾಡಾದ್ರೆ ಹದಿನಾಲ್ಕಕ್ಕೆ ಇಳಿಯುತ್ತೆ. ಅದಕ್ಕೇ ದುಃಖದ್ದು ತುಂಬಿಸ್ಕೊಳ್ಳೋದೇ ಇಲ್ಲ ನಾವು."

ಒಳಗೆ ಮೊಬೈಲ್ ತರುವಂತಿಲ್ಲ. ಈ ಡಬ್ಬಿಯಲ್ಲಿ ಫೋನೂ ಇಲ್ಲ, ಫೋಟೋವೂ ಇಲ್ಲವಾದ್ದರಿಂದ ಮೇಲ್ವಿಚಾರಕರು ಒಂದು ಷರತ್ತಿನ ಮೇಲೆ ಒಪ್ಪಿದ್ದಾರೆ. ಹಾಡಿಗೆ ಒಂದೇ ಕಿವಿ, ಇನ್ನೊಂದು ಕಿವಿ ಗಂಟೆಗೆ. ಒಣಗಿಸುವ ಯಂತ್ರದ ಗಂಟೆ ಬಾರಿಸಿದ ಕೂಡಲೇ ಬಾಗಿಲು ತೆರೆಯದಿದ್ದರೆ ಬಟ್ಟೆ ಸುಕ್ಕುಗಟ್ಟುತ್ತದೆ, ಇನ್ನೂ ತಡವಾದರೆ ಸೀಯುತ್ತದೆ. ಹಾಗಾಗಿ ಇಯರ್‌ಫೋನಿನ ಬಲಗಡೆಯ ಗುಬ್ಬಿ ಶೀಟಕ್ಕನ ಬಲಗಿವಿಗೆ, ಎಡಗಡೆಯದು ನಾದಿನಿಯ ಎಡಗಿವಿಗೆ. ಅದಲುಬದಲಾಗದಿರಲಿ ಎಂದು ಶೀಟಕ್ಕ ತಮ್ಮದಕ್ಕೆ ಕೆಂಪು ದಾರ ಸುತ್ತಿದ್ದಾರೆ. ಎಷ್ಟೇ ಪ್ರೀತಿಯಿದ್ದರೂ ಇನ್ನೊಬ್ಬರ ಕಿವಿಯ ಗುಗ್ಗೆ ಯಾರಿಗೆ ಬೇಕು ಎಂಬುದು ಅವರ ವಾದ. ಒಂಬತ್ತು ವರ್ಷದಲ್ಲಿ ಈ ನಿಯಮ ಒಂದು ದಿನವೂ ತಪ್ಪಿಲ್ಲ.

ಜಗಳ ಹುಟ್ಟಿದ್ದು ಹದಿನೇಳನೇ ಹಾಡಿನಿಂದ. ಮೊಬೈಲ್ ರಿಪೇರಿ ಅಂಗಡಿಯವರು ಈ ಸಲ ತುಂಬಿಸಿಕೊಟ್ಟ ಹಳೆಯ ಹಾಡುಗಳಲ್ಲಿ ಅದೂ ಒಂದು. ಹೆಸರು ಗೊತ್ತಿಲ್ಲ, ಪರದೆಯಿಲ್ಲದ ಡಬ್ಬಿಯಲ್ಲಿ ಗೊತ್ತಾಗುವುದೂ ಇಲ್ಲ. ಊಟದ ಹೊತ್ತಿನಲ್ಲಿ ಶೀಟಕ್ಕ ಅದನ್ನು ಗುನುಗುತ್ತಾ, ಪಾಪ ಆ ಗಂಡಸು, ಬರಲಾ ಬೇಡವಾ ಎಂದು ಕೇಳಿ ಕೇಳಿ ಸುಸ್ತಾಗುತ್ತಾನೆ, ಒಂದು ಉತ್ತರ ಕೊಡುವವರಿಲ್ಲ ಎಂದರಂತೆ. ನಾದಿನಿ ಅನ್ನ ಕಲಸುವುದನ್ನು ನಿಲ್ಲಿಸಿ, ಯಾವ ಗಂಡಸು ಎಂದರು. ಆ ಹಾಡಿನಲ್ಲಿ ಇರುವುದು ಒಬ್ಬಳೇ ಹೆಂಗಸು, ಬಾಗಿಲು ಹಾಕಿಲ್ಲ ಬಾ ಎನ್ನುತ್ತಾಳೆ, ಕರೆದವರಿಲ್ಲ ಕೇಳಿದವರಿಲ್ಲ, ತಾನಾಗಿಯೇ ಹೇಳುತ್ತಾಳೆ ಎಂದರು. ಇವರು ಗಂಡಸು ಎನ್ನುವುದು, ಅವರು ಹೆಂಗಸು ಎನ್ನುವುದು. ಕೂತವರೆಲ್ಲ ನಕ್ಕರು. ನಗು ಜಾಸ್ತಿಯಾದಷ್ಟೂ ಹಟ ಜಾಸ್ತಿಯಾಯಿತು. ಕೊನೆಗೆ ಶೀಟಕ್ಕ ಎಲ್ಲರ ಎದುರಿಗೆ, ನಿನ್ನ ಕಿವಿ ಹೋಗಿದೆ ಎಂದುಬಿಟ್ಟರು.

ನಾದಿನಿ ಅರ್ಧ ಊಟದಲ್ಲೇ ಬುತ್ತಿಯ ಮುಚ್ಚಳ ಹಾಕಿ, ಕೈ ತೊಳೆದು, ಮೇಲ್ವಿಚಾರಕರ ಬಳಿ ಒಂದು ಹಾಳೆ ಕೇಳಿ ಪಡೆದರು. ಅರ್ಜಿ ಅದರಲ್ಲೇ ಬರೆದದ್ದು.

ಅಂದಿನಿಂದ ಮನೆಯಲ್ಲೂ ಮೌನ. ಶೀಟಕ್ಕನ ಯಜಮಾನರು ಗಡಿಯಾರ ರಿಪೇರಿ ಮಾಡುವವರು. ಒಂದು ಕಡೆ ಕಟ್ಟಿಕೊಂಡವಳು, ಇನ್ನೊಂದು ಕಡೆ ಒಡಹುಟ್ಟಿದವಳು, ನಡುವೆ ಇವರು. ಸಾರಿಗೆ ಉಪ್ಪು ಕಮ್ಮಿ ಎಂದು ನಿಮ್ಮ ತಂಗಿಗೆ ಹೇಳಿ, ಉಪ್ಪಿನ ಡಬ್ಬಿ ಅಲ್ಲೇ ಇದೆ ಎಂದು ನಿಮ್ಮ ಹೆಂಡತಿಗೆ ಹೇಳಿ ಎಂದು ಇಬ್ಬರೂ ಅವರ ಮೂಲಕವೇ ಮಾತಾಡುತ್ತಾರಂತೆ, ಅದೂ ಮೂವರೂ ಒಂದೇ ಚಾಪೆಯ ಮೇಲೆ ಕೂತಿರುವಾಗ. ನಾನು ಹೊರಗೆ ಹೋಗಿ ಫೋನಿನಲ್ಲಿ ಮಾತಾಡಿಸಿದಾಗ, ಮನೆಯೊಳಗೆ ತಾನೀಗ ಅಂಚೆಯಣ್ಣ ಎಂದು ಅವರು ನಿಟ್ಟುಸಿರು ಬಿಟ್ಟರು. ಎರಡೂ ಕಡೆಯ ಅಂಚೆ ದಿನದಿನಕ್ಕೆ ಹೆಚ್ಚುತ್ತಿದೆಯಂತೆ.

ಹತ್ತು ಗಂಟೆಗೆ ಚಹಾ. ಯಂತ್ರಗಳು ಹತ್ತು ನಿಮಿಷ ನಿಲ್ಲುತ್ತವೆ. ಶೀಟಕ್ಕ ಲೋಟ ಕೆಳಗಿಟ್ಟು ನನ್ನನ್ನು ಕಂಬದ ಬಳಿ ಎಳೆದುಕೊಂಡು ಹೋಗುತ್ತಾರೆ. ಓದಿದವರು, ಪೇಪರಿನವರು, ನೀವೇ ಕೇಳಿ ನ್ಯಾಯ ಹೇಳಿ ಎನ್ನುತ್ತಾರೆ. ಮೊದಲ ಹಾಡಿನಿಂದ ಶುರುವಾಗಿ ಹೇರ್‌ಪಿನ್ ಹದಿನಾರು ಸಲ ಒಳಗೆ ಹೋಗಿ ಬರುತ್ತದೆ. ನಾದಿನಿ ಗೋಡೆ ನೋಡುತ್ತಾ ಚಹಾ ಕುಡಿಯುತ್ತಿದ್ದಾರೆ, ಆದರೆ ಲೋಟ ಯಾವಾಗಲೋ ಖಾಲಿಯಾಗಿದೆ. ನಾನು ಗುಬ್ಬಿಗಳೆರಡನ್ನೂ ಸೆರಗಿನಲ್ಲಿ ಒರೆಸಿ ಎರಡೂ ಕಿವಿಗೆ ಹಾಕಿಕೊಳ್ಳುತ್ತೇನೆ. ಯಂತ್ರ ನಿಂತಿರುವಾಗ ಗಂಟೆಯ ಚಿಂತೆಯಿಲ್ಲ.

ಬಲಗಿವಿಯಲ್ಲಿ ಗಂಡಸು. ಬರಲಾ ಬೇಡವಾ, ಒಂದು ಮಾತು ಹೇಳು ಎಂದು ಕೇಳುತ್ತಾನೆ. ಎಡಗಿವಿಯಲ್ಲಿ ಹೆಂಗಸು. ಬಾಗಿಲು ತೆರೆದಿಟ್ಟವಳನ್ನು ಬಾಯಿಬಿಟ್ಟು ಹೇಳು ಎನ್ನುತ್ತೀಯಲ್ಲ ಎಂದು ಛೇಡಿಸುತ್ತಾಳೆ. ಅವನು ಒಂದು ಸಾಲು, ಅವಳು ಒಂದು ಸಾಲು. ನಾನು ಜೋರಾಗಿ ನಕ್ಕುಬಿಟ್ಟೆ. ಚಹಾ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು.

ಕೆಲವು ಹಳೆಯ ಹಾಡುಗಳನ್ನು ಹಾಗೆ ಮಾಡಿರುತ್ತಾರೆ, ಒಂದು ದನಿ ಈ ಕಿವಿಗೆ, ಇನ್ನೊಂದು ಆ ಕಿವಿಗೆ ಎಂದು ವಿವರಿಸಿದೆ. ಯಾರಿಗೂ ಅರ್ಥವಾದಂತೆ ಕಾಣಲಿಲ್ಲ. ಕೊನೆಗೆ ಕೆಂಪು ದಾರದ್ದನ್ನು ನಾದಿನಿಯ ಕೈಗೂ ಇನ್ನೊಂದನ್ನು ಶೀಟಕ್ಕನ ಕೈಗೂ ಕೊಟ್ಟೆ. ಇಬ್ಬರೂ ಮುಖ ಸಿಂಡರಿಸಿ, ಉಜ್ಜಿ ಉಜ್ಜಿ ಒರೆಸಿ, ಹಾಕಿಕೊಂಡರು. ಹಾಡು ಮತ್ತೆ ಮೊದಲಿಂದ ಶುರುವಾಯಿತು. ನಾದಿನಿಯ ಹುಬ್ಬು ಮೇಲೇರಿತು. ಶೀಟಕ್ಕ ಬಾಯಿ ಮೇಲೆ ಕೈಯಿಟ್ಟುಕೊಂಡರು.

"ಅಯ್ಯೋ, ಇವಳು ಇಲ್ಲೇ ಇದ್ದಾಳಲ್ಲ," ಎಂದರು ಶೀಟಕ್ಕ. "ಅವನಿಗೆ ಉತ್ತರ ಕೊಡ್ತಾನೇ ಇದ್ದಾಳೆ."

ಇಡೀ ಕೋಣೆ ಗೊಳ್ಳೆಂದಿತು. ನಾನು ನ್ಯಾಯ ಮುಗಿಸಿದ ಹೆಮ್ಮೆಯಲ್ಲಿ ಬೀಗುತ್ತಿದ್ದೆ. ನಾದಿನಿ ಮಾತ್ರ ನಗಲಿಲ್ಲ. ಗುಬ್ಬಿ ತೆಗೆದು ಕಂಬದ ಮೊಳೆಗೆ ಹಾಕಿ, ನನ್ನನ್ನೇ ನೋಡುತ್ತಾ ಹೇಳಿದರು.

"ಹಾಡಿನ ವಿಷಯ ಬಗೆಹರೀತು ಮೇಡಂ. ಕಿವಿ ಹೋಗಿದೆ ಅಂದ್ರಲ್ಲ, ಅದು ಬಗೆಹರಿದಿಲ್ಲ."

ಶೀಟಕ್ಕನ ಮುಖದ ಬಣ್ಣ ಇಳಿಯಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಬಾಗಿಲ ಬಳಿ ನಿಂತಿದ್ದ ಮೇಲ್ವಿಚಾರಕರ ಕಡೆ ಒಮ್ಮೆ ನೋಡಿದರು. ಆಮೇಲೆ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

"ಕಿವಿ ಹೋಗಿರೋದು ನಂದು. ಎಡಗಿವಿ. ಗಂಟೆ ಬಡಿದ್ರೆ ನಂಗೆ ಕೇಳ್ಸೋದೇ ಇಲ್ಲ. ಇವಳು ಶೀಟು ಎರಡು ಸಲ ಜಗ್ತಾಳೆ, ಆಗ ನಾನು ಹೋಗಿ ಬಾಗಿಲು ತೆಗೀತೀನಿ. ಐದು ವರ್ಷದಿಂದ ಹಿಂಗೇ ನಡೀತಿದೆ. ಮಾತು ಬಿಟ್ಟ ಈ ಹನ್ನೊಂದು ದಿನಾನೂ ಒಂದು ಸಲ ತಪ್ಪಿಸಿಲ್ಲ ಇವಳು. ಅಂಥವಳಿಗೆ ನಾನು ಆ ಮಾತು ಆಡ್ದೆ."

ಬೆಳಿಗ್ಗೆಯಿಂದ ಆ ಜಗ್ಗುವಿಕೆಯನ್ನು ಎಷ್ಟೋ ಸಲ ನೋಡಿದ್ದೆ, ಮಡಿಕೆಯದೇ ಒಂದು ಭಾಗ ಎಂದುಕೊಂಡಿದ್ದೆ. ಗಂಟೆ ಕೇಳದವರನ್ನು ಯಂತ್ರದ ಬಳಿ ಇಟ್ಟುಕೊಳ್ಳುವಂತಿಲ್ಲ. ಅದು ಗೊತ್ತಿದ್ದೇ ಶೀಟಕ್ಕ ಬಾಯಿಬಿಟ್ಟಿದ್ದರು.

ಮೇಲ್ವಿಚಾರಕರು ಗಡ್ಡ ಕೆರೆದುಕೊಂಡರು. ಈ ವಿಷಯ ಅವರಿಗೆ ಮೂರು ವರ್ಷದಿಂದ ಗೊತ್ತಂತೆ. ಗಂಟೆಯ ಜೊತೆ ಕೆಂಪು ದೀಪವೊಂದನ್ನೂ ಹಾಕಿಸಿ ಎಂದು ಮೇಲಿನವರಿಗೆ ಬರೆದಿದ್ದರಂತೆ, ಮಂಜೂರಾಗಿ ದೀಪ ಬಂದೂ ಆಗಿದೆಯಂತೆ. ವೈರ್‌ಮನ್ ಮಾತ್ರ ನಾಳೆ ನಾಳೆ ಎನ್ನುತ್ತಿದ್ದಾನೆ. ಇದನ್ನು ಪೇಪರಿನಲ್ಲಿ ಬರೆದುಬಿಡಿ, ಆಗಲಾದರೂ ಬರುತ್ತಾನೆ ಎಂದು ನನಗೆ ಹೇಳಿದರು. ಬರೆದಿದ್ದೇನೆ. ಆಮೇಲೆ ಜೇಬಿನಿಂದ ಅರ್ಜಿ ತೆಗೆದು ನಾದಿನಿಯ ಮುಂದೆ ಹಿಡಿದರು.

ನಾದಿನಿ ಅದನ್ನು ತೆಗೆದುಕೊಂಡು, ಅಭ್ಯಾಸಬಲದಿಂದ ನಾಲ್ಕು ಮಡಿಕೆ ಮಾಡಿ, ಕುಂಟುತ್ತಿದ್ದ ಮೇಜಿನ ಕಾಲಿನ ಅಡಿಗೆ ತುರುಕಿದರು. ಮೇಜು ಅಲುಗಾಡುತ್ತದೆಯೇ ಎಂದು ಒಮ್ಮೆ ಒತ್ತಿ ನೋಡಿದರು. ಅಲುಗಾಡಲಿಲ್ಲ.

"ಮೊನ್ನೆ ಸಾರಿಗೆ ಉಪ್ಪು ಸರಿಯಾಗೇ ಇತ್ತು ಅತ್ತಿಗೆ," ಎಂದರು. "ಸುಮ್ನೆ ಅಂದ್ರಿ ನೀವು."

"ಹೂಂ, ಸುಮ್ನೆ ಅಂದೆ," ಎಂದು ಶೀಟಕ್ಕ ಒಪ್ಪಿಕೊಂಡರು.

ಯಂತ್ರಗಳು ಮತ್ತೆ ಶುರುವಾಗಿವೆ. ಕೆಂಪು ದಾರದ ಗುಬ್ಬಿ ಶೀಟಕ್ಕನ ಕಿವಿಗೆ, ಇನ್ನೊಂದು ನಾದಿನಿಯ ಕಿವಿಗೆ ಮರಳಿವೆ. ಇಬ್ಬರ ಕೈಯೂ ಎಂದಿನಂತೆಯೇ ನಡೆಯುತ್ತಿದೆ, ಆದರೆ ಶೀಟಕ್ಕನ ಮುಖದ ನಗು ಕಂಡರೆ ನೋಡುವವರಿಗೂ ನಗು ಬರುತ್ತದೆ. ಹೊರಡುವ ಮುನ್ನ, ನಿಮಗೇನಾದರೂ ಆಸೆ ಇದೆಯೇ ಎಂದು ಶೀಟಕ್ಕನನ್ನು ಕೇಳುತ್ತೇನೆ. ಹೊಸ ಪ್ಲೇಯರ್ ಎನ್ನಬಹುದು, ಕಿವಿಗೆ ಒಳ್ಳೆಯ ಯಂತ್ರ ಎನ್ನಬಹುದು ಎಂಬುದು ನನ್ನ ಊಹೆ. ಅವರು ಶೀಟು ಕೆಳಗಿಡದೆಯೇ ಕಣ್ಣಿನಲ್ಲೇ ನಾದಿನಿಯನ್ನು ತೋರಿಸುತ್ತಾರೆ.

"ಎರಡೂ ಕಿವಿಗೆ ಹಾಕ್ಕೊಂಡ್ರೂ ನಂಗೆ ಆ ಹಾಡು ಅರ್ಧನೇ ಕೇಳ್ಸೋದು ಮೇಡಂ. ಉಳಿದರ್ಧ ಇವಳು ಎದುರಿಗೆ ನಿಂತು ಹಾಡಿ ತೋರಿಸ್ಬೇಕು. ದನಿ ಏನೂ ಚೆನ್ನಾಗಿಲ್ಲ ಇವಳದ್ದು. ಆದ್ರೂ ಇವಳೇ ಹಾಡ್ಬೇಕು."