ಗೆರೆಯ ಬದಿಯಲ್ಲಿ ಕೂತಿದ್ದ ಜಲಜಕ್ಕ

ಬಾರ್ಕೂರಿನ ಗದ್ದೆಬಯಲಿನಲ್ಲಿ ನಡೆದ ಆ ಫೈನಲಿನ ಮಾತು ಎದ್ದರೆ ನಮ್ಮ ಕಡೆಯ ಹೋಟೆಲುಗಳಲ್ಲಿ ಈಗಲೂ ಧ್ವನಿ ಏರುತ್ತದೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಮೂರು ತಾಲೂಕಿನ ತಂಡಗಳು ಸೇರಿ ಆಡಿದ ಟೆನಿಸ್ ಬಾಲ್ ಟೂರ್ನಮೆಂಟ್ ಅದು. ಅಂಥ ಟೂರ್ನಮೆಂಟುಗಳು ವರ್ಷಕ್ಕೆ ಹತ್ತಾರು ಆಗುತ್ತವೆ. ಗೆದ್ದವರ ಹೆಸರು ಮುಂದಿನ ಮಳೆಗಾಲ ಬರುವಷ್ಟರಲ್ಲಿ ಮರೆತುಹೋಗಿರುತ್ತದೆ. ಕೋವಿಡ್ ಕಳೆದ ಮೇಲಿನ ಎರಡನೇ ವರ್ಷದ ಆ ಪಂದ್ಯವನ್ನು ಮಾತ್ರ ಜನ ಮರೆತಿಲ್ಲ. ನಾನೂ ಅಂದು ಆ ಬಯಲಿನಲ್ಲಿ ನಿಂತಿದ್ದೆ. ಈಗ ಅದನ್ನು ಹೇಳುವವರಲ್ಲಿ ಅರ್ಧ ಜನ ಅಲ್ಲಿ ಇರಲೇ ಇಲ್ಲ ಎಂಬುದೂ ನನಗೆ ಗೊತ್ತು. ಆದ್ದರಿಂದ ನಾನು ಕಂಡದ್ದನ್ನೂ ಆಮೇಲೆ ಜಲಜಕ್ಕನ ಬಾಯಿಂದಲೇ ಕೇಳಿದ್ದನ್ನೂ ಹೇಳುತ್ತೇನೆ.

ಜಲಜಕ್ಕನ ಊರು ಬೈಂದೂರಿನ ಕಡೆ, ಕಡಲಿಗೆ ತಾಗಿದ ತೆಂಕಹಿತ್ಲು. ಗಂಡ ಬಚ್ಚ ಬಲೆ ಹೆಣೆಯುವವನು. ಮಾತು ಕಡಿಮೆ. ಪ್ರಾಯದಲ್ಲಿ ಅವನು ಊರಿನ ತಂಡದ ಬೌಲರ್ ಆಗಿದ್ದ. ಮದುವೆಯಾದ ಹೊಸದರಲ್ಲಿ ಅವನಿಗೆ ಊಟ ಕೊಡಲೆಂದು ಮೈದಾನಕ್ಕೆ ಹೋದ ಜಲಜ, ಬುತ್ತಿ ಕೈಯಲ್ಲಿ ಹಿಡಿದುಕೊಂಡೇ ಒಂದಿಡೀ ಪಂದ್ಯ ನೋಡಿಬಿಟ್ಟಳಂತೆ. ಅಲ್ಲಿಂದ ಹಿಡಿದ ಹುಚ್ಚು ಬಿಡಲಿಲ್ಲ. ಬಚ್ಚನ ಸೊಂಟ ಹಿಡಿದು ಅವನು ಆಟ ನಿಲ್ಲಿಸಿದ ಮೇಲೂ ಇವಳು ಹೋಗುವುದನ್ನು ನಿಲ್ಲಿಸಲಿಲ್ಲ. ಆಮೇಲೆ ಮಗ ರತನ್ ಅದೇ ತಂಡ ಸೇರಿದ. ಗದ್ದೆಯ ಈ ತಲೆಯಲ್ಲಿ ಕೂತು ಜಲಜಕ್ಕ ಕೂಗಿದರೆ ಆ ತಲೆಯ ಫೀಲ್ಡರ್ ತಿರುಗಿ ನೋಡುತ್ತಿದ್ದ. ಮೀನು ಮಾರಿ ಮಾರಿ ಹದವಾದ ಗಂಟಲು ಅದು.

ಮೀನು ಮಾರಲು ಅವಳು ಹೋಗುತ್ತಿದ್ದದ್ದು ಸಿದ್ದಾಪುರದ ಕಡೆ. ಬೆಳಿಗ್ಗೆ ತೆಂಕಹಿತ್ಲಿನ ದಕ್ಕೆಯಲ್ಲಿ ದೋಣಿಗಳು ಇಳಿಸಿದ ಮೀನನ್ನು ಹರಾಜಿನಲ್ಲಿ ಹಿಡಿದು, ಕುಂದಾಪುರದಲ್ಲಿ ಬಸ್ಸು ಬದಲಿಸಿ, ಘಟ್ಟದ ಬುಡದ ಆ ಊರುಗಳಲ್ಲಿ ಮನೆಮನೆಗೆ ಹೊತ್ತು ತಿರುಗುತ್ತಿದ್ದಳು. "ಇದ್ ನಿನ್ನೆದ್ ಬಂಗುಡೆ. ಹುರುದ್ರೆ ಅಡ್ಡಿಲ್ಲ, ಸಾರಿಗ್ ಬ್ಯಾಡ" ಎಂದು ತಾನೇ ಹೇಳಿ ಮಾರುವವಳು. ಇಪ್ಪತ್ತು ವರ್ಷದಿಂದ ಅಲ್ಲಿನ ಮನೆಗಳು ಅವಳ ಕೂಗಿಗೆ ಕಾಯುತ್ತಿದ್ದವು.

ಆ ಫೈನಲಿಗೆ ಬಂದದ್ದು ಇವೇ ಎರಡು ಊರುಗಳ ತಂಡ. ಒಂದು ಕಡೆ ಅವಳ ತೆಂಕಹಿತ್ಲು, ಇನ್ನೊಂದು ಕಡೆ ಅವಳು ಮೀನು ಮಾರುವ ಸಿದ್ದಾಪುರ.

ತೆಂಕಹಿತ್ಲಿನ ತಂಡ ಅದುವರೆಗೆ ಫೈನಲು ಗೆದ್ದಿರಲಿಲ್ಲ. ಮೂರು ಸಲ ಬಂದು ಸೋತಿತ್ತು. ಈ ಸಲ ನಾಯಕ ಸುಜಿತ್, ಕಪ್ ಇಲ್ಲದೆ ಊರಿಗೆ ಬರುವುದಿಲ್ಲ ಎಂದು ಹೇಳಿಯೇ ಟೆಂಪೋ ಹತ್ತಿದ್ದ. ಎರಡು ಟೆಂಪೋ ತುಂಬ ಜನ ಬಂದಿದ್ದರು. ಜಲಜಕ್ಕ ಅಂದು ಮೀನಿಗೆ ರಜೆ ಹಾಕಿ, ಬೌಂಡರಿಗೆ ಎಳೆದ ಸುಣ್ಣದ ಗೆರೆಯಿಂದ ಒಂದು ಮಾರು ದೂರದಲ್ಲಿ, ಮಗ ಫೀಲ್ಡಿಂಗ್‌ಗೆ ನಿಲ್ಲುವ ಕಡೆಯೇ ಗೋಣಿಚೀಲ ಹಾಸಿ ಕೂತಳು.

ಮೊದಲು ಆಡಿದ ತೆಂಕಹಿತ್ಲು ಒಳ್ಳೆಯ ರನ್ ಹೊಡೆಯಿತು. ಸಿದ್ದಾಪುರವೂ ಬಿಡಲಿಲ್ಲ. ವಿಕೆಟ್ ಬಿದ್ದರೆ ಇವರು ಕುಣಿಯುವುದು, ಸಿಕ್ಸ್ ಹೋದರೆ ಅವರು ಕುಣಿಯುವುದು, ಹೀಗೇ ಎಳೆದಾಡಿ ಪಂದ್ಯ ಕೊನೆಯ ಚೆಂಡಿಗೆ ಬಂದು ನಿಂತಿತು. ಸಿದ್ದಾಪುರಕ್ಕೆ ಐದು ರನ್ ಬೇಕು. ಬ್ಯಾಟ್ ಹಿಡಿದವನು ಅವರ ನಾಯಕ ಪ್ರವೀಣ್. ಹೊತ್ತು ಇಳಿಯುತ್ತಿತ್ತು. ಪಡುವಣದ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಬಯಲಿನಲ್ಲಿ ಅಷ್ಟು ಜನ ಇದ್ದರೂ ಮೈಕಿನ ಗೊರಗೊರ ಬಿಟ್ಟು ಬೇರೆ ಸದ್ದಿಲ್ಲ.

ಪ್ರವೀಣ್ ಎತ್ತಿ ಹೊಡೆದ. ಚೆಂಡು ಅಂಪೈರ್ ಕಮಲಾಕ್ಷ ಮಾಸ್ಟ್ರ ತಲೆಯ ಮೇಲಿನಿಂದ ಪಡುವಣಕ್ಕೆ ಹೋಯಿತು. ಅಲ್ಲಿ ರತನ್ ಇದ್ದ. ಅವನು ಹಿಂದಕ್ಕೆ ಓಡಿದ, ಎರಡೂ ಕೈ ಮೇಲೆತ್ತಿದ, ಹಾರಿದ. ಚೆಂಡು ಕೈಯಲ್ಲಿ ಕೂತಿತು. ಜಲಜಕ್ಕನ ಕೂಗು ಗಂಟಲಿಗೆ ಬಂತು. ಅಷ್ಟರಲ್ಲಿ ಅವಳ ಕಣ್ಣು ಮಗನ ಕಾಲಿಗೆ ಇಳಿಯಿತು. ಕೆಳಗಿಳಿದ ಬಲಗಾಲಿನ ಹಿಮ್ಮಡಿ ಸುಣ್ಣದ ಮೇಲೆ ಊರಿ, ಬಿಳಿ ಪುಡಿ ಚೂರು ಹಾರಿತು. ಮರುಕ್ಷಣ ರತನ್ ಮುಂದಕ್ಕೆ ಬಿದ್ದು, ಮೊಣಕಾಲ ಮೇಲೆ ನಿಂತು ಚೆಂಡು ಎತ್ತಿ ತೋರಿಸಿದ. ಗಂಟಲಿಗೆ ಬಂದ ಕೂಗು ಅಲ್ಲೇ ಉಳಿಯಿತು.

"ಕ್ಯಾಚ್! ಕ್ಯಾಚ್! ತೆಂಕಹಿತ್ಲು ಚಾಂಪಿಯನ್!" ಎಂದು ಮೈಕು ಅರಚಿತು. ಎರಡು ಟೆಂಪೋದ ಜನ ಒಟ್ಟಿಗೆ ಒಳಗೆ ನುಗ್ಗಿ ರತನನನ್ನು ಎತ್ತಿಕೊಂಡರು. ಅವರ ಕಾಲಡಿಯಲ್ಲಿ ಸುಣ್ಣದ ಗೆರೆ ಅಳಿಸಿಯೇ ಹೋಯಿತು.

ಪ್ರವೀಣ್ ಬ್ಯಾಟ್ ಹಿಡಿದುಕೊಂಡೇ ಓಡಿ ಬಂದ. "ಕಾಲ್ ತಾಗಿತ್ತ್ ಮಾಸ್ಟ್ರೆ! ಸುಣ್ಣ ಹಾರದ್ ಅಲ್ಲಿಂದ ಕಂಡಿದೆ ನಾನ್. ಅದ್ ಸಿಕ್ಸ್!"

ಕಮಲಾಕ್ಷ ಮಾಸ್ಟ್ರು ಸಾಲಿಗ್ರಾಮದವರು, ಶಾಲೆಯಲ್ಲಿ ಆಟದ ಮೇಷ್ಟ್ರಾಗಿ ನಿವೃತ್ತರಾದವರು. ತಿರುಗಿ ನೋಡುವಷ್ಟರಲ್ಲಿ ಬಿಸಿಲು ಕಣ್ಣಿಗೆ ಹೊಡೆದು ಅವರಿಗೆ ಕಾಲು ಕಂಡಿರಲಿಲ್ಲ. ಅದನ್ನು ಅವರು ಮುಚ್ಚಿಡಲೂ ಇಲ್ಲ. ಇನ್ನೊಬ್ಬ ಅಂಪೈರ್ ಬಹಳ ದೂರದಲ್ಲಿದ್ದ. ಮಾಸ್ಟ್ರು ರತನನನ್ನು ಹತ್ತಿರ ಕರೆದರು.

"ಕಾಲ್ ತಾಗಿತ್ತಾ ಮಗಾ?"

ರತನ್ ಉಸಿರು ಎಳೆದುಕೊಂಡು, "ಇಲ್ಲ ಮಾಸ್ಟ್ರೆ" ಎಂದ.

"ಸುಳ್ಳ್ ಹೇಳುದ್!" ಎಂದು ಸಿದ್ದಾಪುರದವನೊಬ್ಬ ಅವನ ಎದೆಗೆ ಕೈ ಹಾಕಿದ. ಸುಜಿತ್ ಆ ಕೈಯನ್ನು ತಳ್ಳಿದ. ಅಲ್ಲಿಂದ ಶುರುವಾಯಿತು. ಯಾರೋ ಸ್ಟಂಪ್ ಕಿತ್ತುಕೊಂಡರು. ಇನ್ಯಾರೋ ಕುರ್ಚಿ ಎತ್ತಿದರು. ಮೊಬೈಲಿನಲ್ಲಿ ವಿಡಿಯೋ ತೆಗೆದವರೆಲ್ಲ ಸ್ಟೇಜಿನ ಬದಿಯಿಂದ ತೆಗೆದದ್ದು. ಅದರಲ್ಲಿ ರತನ್ ದೂರದ ಚುಕ್ಕಿಯಂತೆ ಕಾಣುತ್ತಿದ್ದ, ಕಾಲು ಗೊತ್ತಾಗುತ್ತಿರಲಿಲ್ಲ. ನನ್ನ ಪಕ್ಕದಲ್ಲಿದ್ದವರು ಮಕ್ಕಳನ್ನು ಎತ್ತಿಕೊಂಡು ರಸ್ತೆಯ ಕಡೆ ಓಡತೊಡಗಿದರು. ಇನ್ನು ಒಂದು ಏಟು ಬಿದ್ದರೆ ಆ ಬಯಲಿನಲ್ಲಿ ರಕ್ತ ಹರಿಯುತ್ತದೆ ಎಂದು ಎಲ್ಲರಿಗೂ ಅನಿಸಿತ್ತು.

ಆಗ ಪ್ರವೀಣ್‌ಗೆ ಗೋಣಿಚೀಲದ ಮೇಲೆ ಕೂತಲ್ಲೇ ಕೂತಿದ್ದ ಜಲಜಕ್ಕ ಕಂಡಳು. ಎಲ್ಲರೂ ಎದ್ದು ಕುಣಿದಾಗ ಏಳದೆ ಉಳಿದವಳು ಅವಳೊಬ್ಬಳೇ.

"ಮಾಸ್ಟ್ರೆ, ಜಲಜಕ್ಕನ ಹತ್ರ ಕೇಣಿ. ಅವ್ರ್ ಗೆರೆ ಬದಿಯಂಗೇ ಕೂಕಂಡಿದ್ರ್."

ಅವನದೇ ತಂಡದವರು ಅವನ ಮೇಲೆ ಬಿದ್ದರು. "ಹುಚ್ಚಾ ನಿಂಗೆ? ಅದ್ ಅವ್ನ್ ಅಬ್ಬೆ ಮಾರಾಯ!"

"ಆಗ್ಲಿ. ನಮ್ಮನಿಗ್ ಅವ್ರ್ ಮೀನ್ ತರೂಕ್ ಶುರು ಮಾಡದ್ ನಾ ಶಾಲಿಗ್ ಹೋಪ್ದಕ್ಕೂ ಮುಂಚೆ. ಅವ್ರ್ ಹೇಳದ್ದೇ ಆಯ್ತ್."

ಸುಜಿತ್ ನಕ್ಕ. ತೆಂಕಹಿತ್ಲಿನವರೆಲ್ಲ ನಕ್ಕರು. ಸ್ವಂತ ಅಬ್ಬೆ, ಸ್ವಂತ ಊರು, ಮೂವತ್ತು ವರ್ಷದಿಂದ ಗಂಟಲು ಹರಿದುಕೊಂಡು ಕೂಗಿದ ಹೆಂಗಸು. "ನಮ್ಗೂ ಒಪ್ಗೆ" ಎಂದು ಸುಜಿತ್ ಜೋರಾಗಿ ಹೇಳಿದ. "ಜಲಜಕ್ಕ ಹೇಳದ್ದೇ ಫೈನಲ್."

ಮಾಸ್ಟ್ರು ಇಬ್ಬರು ನಾಯಕರ ಕೈಯನ್ನೂ ಹಿಡಿದು, ಆಮೇಲೆ ತಕರಾರು ಇಲ್ಲ ಎಂದು ಮಾತು ತೆಗೆದುಕೊಂಡರು. ಮೈಕಿನವನು ವೈರು ಎಳೆಯುತ್ತ ಬಂದು ಜಲಜಕ್ಕನ ಬಾಯಿಯ ಹತ್ತಿರ ಮೈಕು ಹಿಡಿದ. ಜನ ಸುತ್ತಲೂ ಗೋಡೆಯಂತೆ ನಿಂತರು. ರತನ್ ಮಾಸ್ಟ್ರ ಹಿಂದೆ ನಿಂತಿದ್ದ. ಅವನ ಮುಖದಲ್ಲಿ ಬೆವರು ಇಳಿಯುತ್ತಿತ್ತು. ಅಬ್ಬೆಯ ಕಣ್ಣನ್ನೇ ನೋಡುತ್ತಿದ್ದ.

"ಹ್ವಾಯ್ ಜಲಜಕ್ಕ, ನೀವ್ ಕಂಡದ್ದ್ ಎಂತ, ಹೇಳಿ" ಎಂದರು ಮಾಸ್ಟ್ರು.

ಜಲಜಕ್ಕ ಎದ್ದು ನಿಂತಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು. ಬಯಲಿನ ನಾಲ್ಕೂ ಮೂಲೆಯ ಸ್ಪೀಕರಿನಲ್ಲಿ ಅವಳ ಉಸಿರು ಮಾತ್ರ ಕೇಳುತ್ತಿತ್ತು.

"ಮಾಸ್ಟ್ರೆ," ಎಂದಳು, "ಹಿಮ್ಮಡಿ ಗೆರೆ ಮೇಲ್ ಇತ್ತ್."

ಅಷ್ಟೇ. ಒಂದು ಗಳಿಗೆ ಯಾರಿಗೂ ಅರ್ಥವೇ ಆಗಲಿಲ್ಲ. ಆಮೇಲೆ ಸಿದ್ದಾಪುರದವರ ಕೂಗು ಎದ್ದಿತು. ಮಾಸ್ಟ್ರು ಎರಡೂ ಕೈ ಮೇಲೆತ್ತಿ ಸಿಕ್ಸ್ ಕೊಟ್ಟರು. ಕೊಟ್ಟ ಮಾತು ಇದ್ದುದರಿಂದ ಸುಜಿತ್ ಏನೂ ಮಾಡುವಂತಿರಲಿಲ್ಲ. ಅವನು ಜಲಜಕ್ಕನ ಹತ್ತಿರ ಬಂದು ಒಂದು ಸಲ ನೋಡಿದ. ಬೈದಿದ್ದರೆ ಒಳ್ಳೆಯದಿತ್ತು ಎಂದು ಅವಳು ಆಮೇಲೆ ನನ್ನ ಹತ್ತಿರ ಹೇಳಿದಳು.

ಊರಿಗೆ ಹಿಂದಿರುಗುವಾಗ ಟೆಂಪೋದಲ್ಲಿ ಅವಳ ಪಕ್ಕದ ಜಾಗ ಖಾಲಿ ಉಳಿಯಿತು. ಜನ ನಿಂತುಕೊಂಡೇ ಬಂದರು, ಅವಳ ಹತ್ತಿರ ಕೂರಲಿಲ್ಲ. ರತನ್ ಎದುರಿನ ಟೆಂಪೋ ಹತ್ತಿದ್ದ. ಮನೆಯಲ್ಲಿ ಬಚ್ಚನಿಗೆ ಸುದ್ದಿ ಮೊದಲೇ ಫೋನಿನಲ್ಲಿ ಮುಟ್ಟಿತ್ತು.

"ತಾಗಿತ್ತಾ?" ಎಂದು ಕೇಳಿದ.

"ತಾಗಿತ್ತ್."

"ಹಂಗಾರೆ ಊಟಕ್ಕ್ ಹಾಕ್" ಎಂದು ಬಲೆ ಮಡಚಿಟ್ಟ. ಇಬ್ಬರೂ ಉಂಡರು. ರತನ್ ಉಣ್ಣಲು ಬರಲಿಲ್ಲ.

ಮರುದಿನ ಸಿದ್ದಾಪುರದಲ್ಲಿ ಬಸ್ಸು ಇಳಿದರೆ ಹುಡುಗರು ಪಟಾಕಿ ಹೊಡೆದರು. ಒಬ್ಬ ಹೂವಿನ ಹಾರ ತಂದ. ಜಲಜಕ್ಕ ಹಾರವನ್ನು ಅವನ ಕೈಗೇ ತುರುಕಿ ಸಿಟ್ಟಿನಿಂದ, "ನೀವ್ ಗೆಲ್ಲೂಕಂತ ಹೇಳದ್ದಲ್ಲ ನಾನ್! ಮೀನ್ ಬೇಕಾರೆ ತಕಣಿ, ಇಲ್ದಿದ್ರೆ ದಾರಿ ಬಿಡಿ" ಎಂದಳು. ಆದರೆ ಆ ಪಟಾಕಿಯ ವಿಡಿಯೋ ಅದೇ ದಿನ ತೆಂಕಹಿತ್ಲಿನ ಮೊಬೈಲುಗಳಿಗೆ ಬಂತು. ಅವಳು ಬೈದದ್ದು ಅದರಲ್ಲಿರಲಿಲ್ಲ. ಪಟಾಕಿ, ಹಾರ, ನಡುವೆ ಜಲಜಕ್ಕ, ಅಷ್ಟೇ ಇತ್ತು. ಗಿರಾಕಿ ಉಳಿಸಿಕೊಳ್ಳಲು ಊರಿನ ಕಪ್ ಮಾರಿದಳು ಎಂಬ ಮಾತು ಹುಟ್ಟಿತು.

ದಕ್ಕೆಯಲ್ಲಿ ಹೆಂಗಸರು ನಾಲ್ಕೈದು ಜನ ಸೇರಿ ಒಂದು ರಾಶಿ ಮೀನು ಹರಾಜು ಹಿಡಿದು ಹಂಚಿಕೊಳ್ಳುವುದು ರೂಢಿ. ಸುಜಿತನ ತಾಯಿ ಪ್ರಭಾವತಿ ಮತ್ತು ಜಲಜಕ್ಕ ಮದುವೆಯಾಗಿ ಬಂದ ಕಾಲದಿಂದ ಒಂದೇ ಪಾಲಿನವರು. ಈಗ ಪ್ರಭಾವತಿ ಬೇರೆ ಹೆಂಗಸರನ್ನು ಕೂಡಿಸಿಕೊಂಡಳು. ಜಲಜಕ್ಕನ ಜೊತೆ ಪಾಲಿಗೆ ನಿಲ್ಲುವವರು ಯಾರೂ ಇಲ್ಲ. ಒಬ್ಬಳೇ ಇಡೀ ರಾಶಿ ಹಿಡಿಯಲು ಆಗುವುದಿಲ್ಲ. ಎಷ್ಟೋ ದಿನ ಅವಳು ಖಾಲಿ ಬುಟ್ಟಿ ಹಿಡಿದು ಮನೆಗೆ ಬಂದಳು. ರತನ್ ಒಂದೇ ಮನೆಯಲ್ಲಿದ್ದು ಅವಳೊಡನೆ ಮಾತು ಬಿಟ್ಟಿದ್ದ. ಅವನು ದೋಣಿಗೆ ಹೋಗುವಾಗ ಚಹಾ ಇಟ್ಟರೆ ಅದು ಹಾಗೇ ಇರುತ್ತಿತ್ತು.

ಹೀಗೆ ಒಂದು ತಿಂಗಳು ಹೋಯಿತು. ಒಂದು ಬೆಳಿಗ್ಗೆ ದಕ್ಕೆಯಲ್ಲಿ ಒಳ್ಳೆಯ ಬಂಗುಡೆ ಬಿದ್ದಿತ್ತು. ಜಲಜಕ್ಕ ಅಂದು ಹಠ ಹಿಡಿದು ಹರಾಜಿಗೆ ನಿಂತಳು. ಅವಳು ಕೂಗಿದಷ್ಟಕ್ಕೂ ಪ್ರಭಾವತಿ ಮೇಲೆ ಮೇಲೆ ಕೂಗಿದಳು. ಕೊನೆಗೆ ಜಲಜಕ್ಕ ತಡೆಯಲಾರದೆ ಕೇಳಿದಳು: "ಎಂತಕ್ಕೆ ಹಿಂಗ್ ಮಾಡ್ತೆ ಪ್ರಭಾ? ನಂಗ್ ಹೊಟ್ಟಿ ಇಲ್ಯಾ?"

ಉತ್ತರ ಕೊಟ್ಟದ್ದು ಅವಳಲ್ಲ. ದೋಣಿಯ ಹಗ್ಗ ಕಟ್ಟುತ್ತಿದ್ದ ಸುಜಿತ್ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದ: "ಸಿದ್ದಾಪುರ್ದರ್ ಕೊಟ್ಟದ್ ಇತ್ತಲೆ ಜಲಜಕ್ಕ! ಅದನ್ನೇ ಉಣ್ಣಿ."

ಹರಾಜು ಕೂಗುವವನು ಕೂಗು ನಿಲ್ಲಿಸಿದ. ರತನ್ ಪಕ್ಕದ ದೋಣಿಯಿಂದ ಮೀನಿನ ಕ್ರೇಟು ಇಳಿಸುತ್ತಿದ್ದ. ಕ್ರೇಟನ್ನು ನೆಲಕ್ಕೆ ಕುಕ್ಕಿ ಸುಜಿತನ ಎದುರು ಬಂದು ನಿಂತ. ಹೊಡೆದಾಟ ಆಗುತ್ತದೆಂದು ಎರಡು ಜನ ನಡುವೆ ಬಂದರು. ಜಲಜಕ್ಕನೂ ಓಡಿ ಬಂದು ಮಗನ ಅಂಗಿ ಹಿಡಿದಳು.

"ತಾಗಿತ್ತ್" ಎಂದ ರತನ್.

"ಎಂತದ್?"

"ಕಾಲ್. ಗೆರೆಗೆ ತಾಗಿತ್ತ್. ನಂಗ್ ಆಗ್ಳೇ ಗೊತ್ತಿತ್ತ್. ಮಾಸ್ಟ್ರ್ ಕೇಂಡಾಗ ಬಾಯಿಗ್ ಇಲ್ಲ ಅಂತ್ಲೇ ಬಂತ್. ನೀವೆಲ್ಲ ನನ್ ಎತ್ಕಂಡ್ ಕುಣೀತಿದ್ರಿ. ಹೆಂಗ್ ಹೇಳೂದ್?" ಅಂಗಿ ಹಿಡಿದಿದ್ದ ಅಬ್ಬೆಯ ಕೈ ಬಿಡಿಸಿಕೊಂಡ. "ಬೈಯ್ಯೂದಾರೆ ನಂಗ್ ಬಯ್ಯಿ. ಅಬ್ಬೆಗಲ್ಲ."

ಸುಜಿತ್ ಕೈಯಲ್ಲಿದ್ದ ಹಗ್ಗವನ್ನು ನೆಲಕ್ಕೆ ಎಸೆದು ಹೋಗಿಬಿಟ್ಟ. ಹರಾಜು ಮತ್ತೆ ಶುರುವಾಯಿತು. ಪ್ರಭಾವತಿ ರಾಶಿ ಹಿಡಿದಳು. ಪಾಲು ಹಾಕುವಾಗ ಎಲ್ಲರಿಗೂ ಹಾಕಿ, ಸ್ವಲ್ಪ ಮೀನು ಉಳಿಸಿ, ಜಲಜಕ್ಕನ ಮುಖ ನೋಡದೆ, "ಬುಟ್ಟಿ ಇತ್ಲಾಗ್ ತಾ" ಎಂದಳು.

ಅಲ್ಲಿಗೆ ಎಲ್ಲ ಸರಿಯಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ರತನನನ್ನು ತಂಡದಿಂದ ಬಿಟ್ಟರು. ಅವನು ಆ ವರ್ಷ ಮಲ್ಪೆಯ ಬೋಟಿಗೆ ಹೋದ. ಹೋಗುವ ದಿನ ಅಬ್ಬೆ ಇಟ್ಟ ಚಹಾ ಕುಡಿದು ಹೋದ. ಮುಂದಿನ ವರ್ಷ ಅವನು ಊರಿಗೆ ಬಂದಿದ್ದಾಗ ತಂಡಕ್ಕೆ ಫೀಲ್ಡರ್ ಕಡಿಮೆಯಾಗಿ, ಸುಜಿತನೇ ಮನೆಯ ಎದುರಿನ ರಸ್ತೆಯಲ್ಲಿ ಬೈಕ್ ನಿಲ್ಲಿಸಿ, "ರತನಾ, ಆಯ್ತವಾರ ಮ್ಯಾಚ್ ಇತ್ತ್, ಬತ್ಯಾ?" ಎಂದು ಕೂಗಿದ. ಇವನು ಹೋದ. ತೆಂಕಹಿತ್ಲು ಇವತ್ತಿನವರೆಗೂ ಕಪ್ ಗೆದ್ದಿಲ್ಲ. ಗೆಲ್ಲದೆ ಇದ್ದಾಗಲೆಲ್ಲ ಊರಿನಲ್ಲಿ ಯಾರಾದರೂ ಒಬ್ಬರು ಜಲಜಕ್ಕನ ಹೆಸರು ತೆಗೆಯುತ್ತಾರೆ.

ಕಳೆದ ಬೇಸಗೆಯಲ್ಲಿ ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಿದ್ದಳು. ಖಾಲಿ ಬುಟ್ಟಿ ಪಕ್ಕದಲ್ಲಿಟ್ಟುಕೊಂಡು ಊರಿನ ಬಸ್ಸಿಗೆ ಕಾಯುತ್ತಿದ್ದಳು. ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ: "ಜಲಜಕ್ಕ, ಅಂದು ಅಷ್ಟು ಜನರ ಎದುರು ಹಾಗೆ ಹೇಳಲು ನಿಮಗೆ ಧೈರ್ಯ ಎಲ್ಲಿಂದ ಬಂತು?"

ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಧೈರ್ಯ ಎಂತ ಬಂತ್? ಅವ್ರ್ ಕೇಣ್ದೇ ಇದ್ದಿದ್ರೆ ನಾ ಬಾಯಿ ಬಿಡ್ತಿರ್ಲಿಲ್ಲ. ಕಪ್ ತಕಂಡ್ ಕುಣ್ಕಂಡೇ ಊರಿಗ್ ಹೋತಿದ್ದೆ, ಎಲ್ರಿಗಿಂತ ಜೋರ್ ಕೂಗ್ತಿದ್ದೆ. ಕೇಂಡ್ರಲೆ, ಎಂತ ಮಾಡೂದ್?" ಬುಟ್ಟಿಯನ್ನು ಹತ್ತಿರ ಎಳೆದುಕೊಂಡು ಹೇಳಿದಳು: "ನಂಗೂ ಕಪ್ ಬೇಕಿತ್ತ್ ಮಾರಾಯ್ರೆ."

ಬಸ್ಸು ಬಂತು. ಅವಳು ಬುಟ್ಟಿ ಎತ್ತಿಕೊಂಡು, ಮುಂದಿದ್ದ ಇಬ್ಬರನ್ನು ಮೊಣಕೈಯಲ್ಲಿ ಸರಿಸಿ, ಹತ್ತಿ ಕೂತಳು.